ಗಂಡು-ಹೆಣ್ಣಿನ ಬಗ್ಗೆ ಬರೋ ಬೋಧನೇನ ಬೈಬಲ್ ವಾಕ್ಯದಲ್ಲಿ ಪರೀಕ್ಷೆ ಮಾಡೋದು ಹೇಗೆ?

ವಾಟ್ಸಾಪಲ್ಲಿ ಒಂದು ಮೆಸೇಜ್ ಬರತ್ತೆ, ಸರ್ಪದಿಂದ ಮೋಸಹೋಗಿದ್ದು ಮೊದಲ ಹೆಂಗಸು ಹವ್ವ, ಅದಕ್ಕೇ ಹೆಂಗಸರು ಮಾತಾಡೋ ಸಭೆಗೆ ಸೈತಾನ ಸುಲಭವಾಗಿ ನುಗ್ತಾನೆ ಅಂತ. ಅದರ ಬೆನ್ನಿಗೇ ಇನ್ನೊಂದು ಬರತ್ತೆ, ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲ ಹೇಳಿದ್ದೆಲ್ಲ ಹಳೇ ಕಾಲದ್ದು ಬಿಟ್ಹಾಕಿ ಅಂತ. ಎರಡಕ್ಕೂ ಆಮೆನ್ ಹಾಕೋಕೆ ಮುಂಚೆ ಸ್ವಲ್ಪ ಕೂತು ಬೈಬಲ್ ತೆಗೀರಿ.

ಮೊದಲು ಆ ವಚನ ಇರೋ ಇಡೀ ಅಧ್ಯಾಯ ಓದಿ. ಹವ್ವಳ ಮಾತು 1 ತಿಮೊಥೆಯ 2ರಲ್ಲಿದೆ ನಿಜ, ಆದ್ರೆ ಅದೇ ಪೌಲ 2 ಕೊರಿಂಥ 11:3ರಲ್ಲಿ ಸರ್ಪ ಹವ್ವಳನ್ನ ಮೋಸ ಮಾಡಿದ ಹಾಗೆ ನಿಮ್ಮ ಮನಸ್ಸೂ ಕೆಟ್ಟೀತು ಅಂತ ಇಡೀ ಸಭೆಗೆ, ಗಂಡಸರಿಗೂ ಸೇರಿಸೇ ಹೇಳ್ತಾನೆ. ತಿಮೊಥೆಯನಿಗೆ ಬರೆದ ಪತ್ರದಲ್ಲಿ ದಾರಿ ತಪ್ಪಿದವರು ಅಂತ ಹೆಸರು ಹಿಡಿದು ಹೇಳಿರೋದು ಹುಮೆನಾಯ, ಅಲೆಕ್ಸಾಂದ್ರ, ಇಬ್ಬರೂ ಗಂಡಸರೇ. ಇನ್ನು ತನ್ನನ್ನ ಪ್ರವಾದಿನಿ ಅಂತ ಕರ್ಕೊಂಡ ಪ್ರಕಟಣೆ 2:20ರ ಈಜೆಬೆಲ್? ಅವಳನ್ನ ಗದರಿಸಿದ್ದು ಅವಳು ಜನರನ್ನ ಜಾರತ್ವಕ್ಕೆ, ವಿಗ್ರಹಕ್ಕಿಟ್ಟ ಊಟಕ್ಕೆ ಎಳೆದಿದ್ದಕ್ಕೆ. ಮೋಸಕ್ಕೆ ಗಂಡು ಹೆಣ್ಣು ಅನ್ನೋ ಭೇದ ಇಲ್ಲ ರೀ.

ಆಮೇಲೆ ಒಂದಕ್ಕೊಂದು ಎದುರು ಕಾಣೋ ವಚನಗಳನ್ನ ಪಕ್ಕಪಕ್ಕ ಇಡಿ. 1 ಕೊರಿಂಥ 14:34ರಲ್ಲಿ ಸ್ತ್ರೀಯರು ಸಭೇಲಿ ಸುಮ್ಮನಿರಲಿ ಅಂತಿದೆ, ಅದೇ ಪತ್ರದ 11:5ರಲ್ಲಿ ಸ್ತ್ರೀಯರು ಪ್ರಾರ್ಥನೆ, ಪ್ರವಾದನೆ (ದೇವರ ಪ್ರೇರಣೆಯಿಂದ ಮಾತಾಡೋದು) ಮಾಡೋವಾಗ ತಲೆ ಮುಚ್ಚಿಕೊಳ್ಳೋ ವಿಷಯ ಇದೆ, ಅಂದ್ರೆ ಅವರು ಮಾತಾಡ್ತಿದ್ರು ತಾನೇ? ಅಪೊಸ್ತಲರ ಕೃತ್ಯ 18:26ರಲ್ಲಿ ಪ್ರಿಸ್ಕಿಲ್ಲ ಗಂಡ ಅಕ್ವಿಲನ ಜೊತೆ ಸೇರಿ ಅಪೊಲ್ಲೋಸನಂಥ ವಾಗ್ಮಿಗೇ ದೇವರ ಮಾರ್ಗ ವಿವರಿಸಿ ಹೇಳಿದ್ದಾಳೆ. ಬರೀ ಒಂದೇ ವಚನ ಹಿಡ್ಕೊಂಡು ಪ್ರಸಂಗ ಮಾಡೋರು ಯಾವ ಕಡೆಯವರಾದ್ರೂ ಸರಿ, ಮಿಕ್ಕಿದ್ದನ್ನ ಯಾಕೆ ಬಿಟ್ರು ಅಂತ ಕೇಳಿ.

ಇಲ್ಲಿ ಒಂದು ಎಚ್ಚರಿಕೆ. ಅಭಿಪ್ರಾಯ ಬೇರೆ ಇದ್ದ ಮಾತ್ರಕ್ಕೆ ಅದು ಸುಳ್ಳು ಬೋಧನೆ ಆಗಲ್ಲ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೇಲಿ ಹೆಂಗಸರು ಅಯ್ಯನವರಾಗಿ, ಅಂದ್ರೆ ಪಾಸ್ಟರಾಗಿ ಸೇವೆ ಮಾಡ್ತಾರೆ, 2013ರಲ್ಲಿ ಇ. ಪುಷ್ಪ ಲಲಿತಾ ನಂದ್ಯಾಲದ ಬಿಷಪ್ಪೇ ಆದ್ರು. ಕಥೋಲಿಕ ಸಭೇಲಿ ಸ್ತ್ರೀಯರಿಗೆ ಗುರುದೀಕ್ಷೆ ಕೊಡಲ್ಲ, 1994ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅದನ್ನ ಖಚಿತವಾಗಿ ಹೇಳಿದ್ರು. ಎರಡೂ ಕಡೆ ಯೇಸುವೇ ಕರ್ತ. 1 ಯೋಹಾನ 4ರಲ್ಲಿ ಆತ್ಮಗಳನ್ನ ಪರೀಕ್ಷಿಸಿ ಅಂತ ಹೇಳಿ ಯೋಹಾನ ಕೊಡೋ ಅಳತೆ ಕ್ರಿಸ್ತನ ಬಗ್ಗೆ ಏನು ಒಪ್ಪಿಕೊಳ್ತಾರೆ ಅನ್ನೋದು, ಮೈಕ್ ಯಾರ ಕೈಲಿದೆ ಅನ್ನೋದಲ್ಲ.

ನಿಜವಾಗಿ ಭಯ ಪಡಬೇಕಾದ್ದು ಬೇರೆ. ಪ್ರಶ್ನೆ ಕೇಳಿದ್ರೆ "ಅಭಿಷಿಕ್ತರನ್ನ (ದೇವರು ಆರಿಸಿಕೊಂಡವರನ್ನ) ಮುಟ್ಟಬೇಡಿ" ಅನ್ನೋ ಪಾಸ್ಟರು. ಆ ಮಾತು ಇರೋ ಕೀರ್ತನೆ 105 ಓದಿ ನೋಡಿ, ಅಲ್ಲಿ ದೇವರು ಗದರಿಸೋದು ಪರದೇಶಿಗಳಾಗಿ ಅಲೀತಿದ್ದ ಅಬ್ರಹಾಮನಂಥ ಮೂಲಪಿತೃಗಳಿಗೆ ಕೇಡು ಮಾಡಬಾರದು ಅಂತ ರಾಜರನ್ನ, ಪ್ರಶ್ನೆ ಕೇಳೋ ವಿಶ್ವಾಸಿಗಳನ್ನಲ್ಲ. ಪ್ರವಾದನೇನ ಮಿಕ್ಕವರು ವಿವೇಚಿಸಲಿ ಅಂತ 1 ಕೊರಿಂಥ 14:29ರಲ್ಲೇ ಇದೆ. ಗಂಡ ಮನೇಲಿಲ್ಲದಾಗ ಬಂದು ಗುಟ್ಟಾಗಿ ಪ್ರವಾದನೆ ಹೇಳಿ ಕಾಣಿಕೆ ಕೇಳೋದು, ಮನೆಯವರಿಗೆ ಹೇಳಬೇಡಮ್ಮ ಅನ್ನೋದು, ಇಂಥವರ ವಿಷಯಾನೇ 2 ತಿಮೊಥೆಯ 3:6, ಮನೆಗಳೊಳಗೆ ನುಸುಳಿ ಬುದ್ಧಿಯಿಲ್ಲದ ಹೆಂಗಸರನ್ನ ವಶ ಮಾಡ್ಕೊಳ್ಳೋರು ಅಂತ. ಆ ವಚನಾನ ಹೆಂಗಸರನ್ನ ಹೀಯಾಳಿಸೋಕೆ ಬಳಸ್ತಾರೆ, ಆದ್ರೆ ಅಲ್ಲಿ ಮೊದಲ ಆರೋಪಿ ಮನೆಯೊಳಗೆ ನುಸುಳೋನು.

ಹೆಂಡತಿ ಗಂಡನಿಗೆ ಅಧೀನಳಾಗಿರಬೇಕು ಅನ್ನೋ ಮಾತಿನ ಬಗ್ಗೆ ಹೇಳೋದಾದ್ರೆ ಎಫೆಸ 5ನ್ನ 22ರಿಂದಲ್ಲ, 21ರಿಂದ ಶುರು ಮಾಡಿ, ಒಬ್ಬರಿಗೊಬ್ಬರು ಅಧೀನರಾಗಿರಿ ಅಂತಿದೆ. ಹೆಂಡತಿಗೆ 3 ವಚನ, ಗಂಡನಿಗೆ ಅದಕ್ಕಿಂತ ಎಷ್ಟೋ ಜಾಸ್ತಿ, ಅದೂ ಕ್ರಿಸ್ತನ ಹಾಗೆ ಪ್ರಾಣ ಕೊಡೋವಷ್ಟು ಪ್ರೀತಿಸು ಅಂತ. ಹೊಡೆಯೋ ಗಂಡನನ್ನ ಸಹಿಸ್ಕೋ, ಇದು ನಿನ್ನ ಶಿಲುಬೆ ಅಂತ ಯಾರಾದ್ರೂ ಹೇಳಿದ್ರೆ ಅಲ್ಲಿ ವಾದಕ್ಕೆ ಕೂರಬೇಡಿ ಅಕ್ಕ, ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಕ್ರೈಸ್ತ ಹೆಂಗಸರಿಗೂ ಅನ್ವಯಿಸತ್ತೆ.

ಇದನ್ನೆಲ್ಲ ಒಬ್ಬರೇ ಮಾಡೋಕಿಂತ ಮೂರ್ನಾಲ್ಕು ಜನ, ಗಂಡಸರು ಹೆಂಗಸರು ಸೇರಿ ಮಾಡಿ. ಅಪೊಸ್ತಲರ ಕೃತ್ಯ 17:11ರಲ್ಲಿ ಬೆರೋಯ ಅನ್ನೋ ಊರಿನವರು ಪೌಲನ ಮಾತನ್ನೇ ದಿನಾ ಶಾಸ್ತ್ರದಲ್ಲಿ ಪರೀಕ್ಷಿಸಿದ್ರು, ಮುಂದಿನ ವಚನದಲ್ಲೇ ಅಲ್ಲಿ ನಂಬಿದ ಗಣ್ಯ ಗ್ರೀಕ್ ಸ್ತ್ರೀಯರ ಪ್ರಸ್ತಾಪ ಇದೆ. ಓದಿ ಬಂದ ಪ್ರಶ್ನೆಗಳನ್ನ ಬರೆದಿಟ್ಕೊಂಡು ಆರಾಧನೆ ಮುಗಿದ ಮೇಲೆ ಅಯ್ಯನವರ ಹತ್ರ ಹೋಗಿ ಮರ್ಯಾದೆಯಿಂದಾನೇ ಕೇಳಿ.