ಜೀರುಂಡೆ ಹೊರಗಿರಲಿಲ್ಲ

ಚಿಕ್ಕಮಗಳೂರಿನ ಮನೆಯಲ್ಲಿ ಅಕ್ಕನ ಕೊಳಲು ರೆಕಾರ್ಡ್ ಮಾಡಲು ಕೂತರೆ ಹೆಡ್‌ಫೋನಿನಲ್ಲಿ ಕಿರ್ ಅನ್ನುವ ಸದ್ದು, ಮಧ್ಯೆ ಮಧ್ಯೆ ಟಿಕ್ ಅಂತ ಧ್ವನಿಯೇ ಕಟ್. ಮಳೆಗಾಲ ಅಲ್ವಾ, ಜೀರುಂಡೆ ಇರಬೇಕು ಅಂತ ಮೊದಲ ದಿನ ಕಿಟಕಿ ಮುಚ್ಚಿದ್ದೆ! ಆಮೇಲೆ ಸುಮ್ನೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿದೆ, ಕಿರ್ ಮಾಯ. ಚಾರ್ಜರ್ ಒಂದು ಗೋಡೆಯ ಪ್ಲಗ್ಗಿನಲ್ಲಿ, ಸ್ಪೀಕರ್ ಎದುರು ಗೋಡೆಯದರಲ್ಲಿ. ಎರಡರ ಅರ್ಥಿಂಗ್ ನಡುವೆ, ಮೈಕು-ಸ್ಪೀಕರನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸಿನ ಯುಎಸ್‌ಬಿ ಕೇಬಲ್ ಮೂಲಕ ಕರೆಂಟ್ ಸುತ್ತು ಹೊಡೆಯುತ್ತಿತ್ತು. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿದೆ. ಅರ್ಥ್ ಪಿನ್ ಮಾತ್ರ ಕೀಳಬೇಡಿ, ಶಾಕ್ ಹೊಡೆದೀತು. ಟಿಕ್ ಹಾಗೇ ಉಳಿಯಿತು. ನೋಡಿದರೆ ಬಫರ್, ಅಂದರೆ ಲ್ಯಾಪ್‌ಟಾಪ್ ಒಂದು ಸಲಕ್ಕೆ ಕೈಗೆತ್ತಿಕೊಳ್ಳುವ ಧ್ವನಿಯ ತುಣುಕು, ಬರೀ 64 ಸ್ಯಾಂಪಲ್; 48 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48 ಸಾವಿರ ಸ್ಯಾಂಪಲ್ ಲೆಕ್ಕದಲ್ಲಿ, ಒಂದೂವರೆ ಮಿಲಿಸೆಕೆಂಡೂ ಇಲ್ಲ, ನನ್ನ ಹಳೇ ಲ್ಯಾಪ್‌ಟಾಪಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಬಫರ್ 256 ಮಾಡಿ, ಇಂಟರ್‌ಫೇಸಿನ ಕೇಬಲನ್ನು ಯುಎಸ್‌ಬಿ ಹಬ್ ಬಿಟ್ಟು ನೇರ ಲ್ಯಾಪ್‌ಟಾಪಿನ ಪೋರ್ಟಿಗೆ ಸಿಕ್ಕಿಸಿದೆ. ನಿನ್ನೆ ಅಕ್ಕ ಮುಕ್ಕಾಲು ಗಂಟೆ ನುಡಿಸಿದಳು, ಒಂದೂ ಟಿಕ್ ಇಲ್ಲ.