ಮಳೆಗಾಲದ ರಜೆಗೆ ಊರಿಗೆ ಬಂದವರು ಮಲೆನಾಡು ಸುತ್ತುವ ಮೊದಲು

ಜರ್ಮನಿಯಲ್ಲಿ ಮಕ್ಕಳ ಶಾಲೆಗೆ ದೊಡ್ಡ ರಜೆ ಸಿಗುವುದು ಜುಲೈ, ಆಗಸ್ಟ್ ಹೊತ್ತಿಗೆ. ನಮ್ಮ ತೀರ್ಥಹಳ್ಳಿ ಕಡೆ ಮಳೆ ಹಗಲೂ ರಾತ್ರಿ ಹೊಯ್ಯುವುದೂ ಆಗಲೇ. ಹಾಗಾಗಿ ನಮ್ಮಂಥವರು ಊರಿಗೆ ಬಂದು, ಶನಿವಾರ ಭಾನುವಾರ ಆಗುಂಬೆ, ಕೊಡಚಾದ್ರಿ ಅಂತ ಹೊರಟರೆ ಏನಾದರೊಂದು ಎಡವಟ್ಟು ಆಗೇ ಆಗುತ್ತದೆ. ದೊಡ್ಡದೇನಲ್ಲ, ಆದರೆ ಎರಡು ದಿನದ ಟ್ರಿಪ್‌ನಲ್ಲಿ ಅರ್ಧ ದಿನ ನುಂಗುವಂಥದ್ದು. ಹೆಚ್ಚಿನವು ಆಗುವುದು "ನಮ್ಮೂರು ನಮಗೆ ಗೊತ್ತಿಲ್ವಾ" ಅನ್ನುವ ಧೈರ್ಯದಿಂದ. ನನಗೂ ಆ ಧೈರ್ಯ ಜಾಸ್ತಿಯೇ ಇತ್ತು.

ಮೊದಲು ಕಾರು. ರಸ್ತೆಯ ಬಲಗಡೆ ಓಡಿಸಿ ರೂಢಿಯಾದವರಿಗೂ ಎಡಗಡೆ ಬೇಗ ಒಗ್ಗುತ್ತದೆ. ಒಗ್ಗದೇ ಇರುವುದು ಕೈಬೆರಳು. ಇಲ್ಲಿನ ಹೆಚ್ಚಿನ ಕಾರುಗಳಲ್ಲಿ ಇಂಡಿಕೇಟರ್ ಬಲಕ್ಕೆ, ವೈಪರ್ ಎಡಕ್ಕೆ, ಅಲ್ಲಿ ಉಲ್ಟಾ. ಆಗುಂಬೆ ಘಾಟಿಯ ತಿರುವಿನಲ್ಲಿ ಇಂಡಿಕೇಟರ್ ಹಾಕಲು ಹೋಗಿ ಆ ಸುರಿಯುವ ಮಳೆಯಲ್ಲಿ ವೈಪರ್ ನಿಲ್ಲಿಸಿಬಿಟ್ಟೆ. ಮೂರು ಸೆಕೆಂಡ್ ಗಾಜಿನ ತುಂಬ ಬರೀ ನೀರು, ಆಚೆಯಿಂದ ಬಸ್ಸಿನ ಹಾರ್ನ್. ಅಲ್ಲಿರುವುದು 14 ತಿರುವು, ಕಲಿಯುವ ಜಾಗ ಅದಲ್ಲ. ಮನೆ ಅಂಗಳದಲ್ಲೇ ಕಾರು ನಿಲ್ಲಿಸಿಕೊಂಡು ಹತ್ತು ಸಲ ಕೈ ಆಡಿಸಿ. ಘಾಟಿಯಲ್ಲಿ ಹತ್ತುವ ಗಾಡಿಗೆ ಮೊದಲು ದಾರಿ ಬಿಡಿ, ಮಂಜಿದ್ದರೆ ಡಿಮ್ ಲೈಟ್ ಸಾಕು. ಊರಿನ ಲೈಸೆನ್ಸ್ ಅವಧಿ ಮುಗಿದಿದ್ದರೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಅನ್ನು ಅಲ್ಲಿಂದಲೇ ಮಾಡಿಸಿಕೊಂಡು ಬನ್ನಿ.

ಕೆಸರಿನಲ್ಲಿ ಚಕ್ರ ಹೂತರೆ ಆಕ್ಸಿಲರೇಟರ್ ಒತ್ತಬೇಡಿ, ಇನ್ನೂ ಆಳಕ್ಕೆ ಇಳಿಯುತ್ತದೆ. ಚಕ್ರದಡಿ ಕಲ್ಲು, ಅಡಿಕೆ ಸೋಗೆ ಕೊಟ್ಟು ನಿಧಾನಕ್ಕೆ ಎತ್ತಿ.

ದುಡ್ಡು ನೋಟಿನಲ್ಲೇ ಇರಲಿ, ಅದೂ ನೂರು ಇನ್ನೂರರ ನೋಟು. ಎಲ್ಲಾ ಕಡೆ ಯುಪಿಐ ಇದೆ ನಿಜ, ಆದರೆ ಓಟಿಪಿ ಬರಬೇಕಾದ ಊರಿನ ಸಿಮ್ಮೇ ಸತ್ತಿರುತ್ತದಲ್ಲ! ಪ್ರೀಪೇಯ್ಡ್ ಸಿಮ್ 90 ದಿನ ಬಳಸದಿದ್ದರೆ ಬಂದ್ ಆಗಬಹುದು. ಸಿಂಗಪುರ, ಅಮೆರಿಕ, ಯುಎಇಯಂಥ ಕೆಲವು ದೇಶಗಳಲ್ಲಿರುವವರು ಎನ್‌ಆರ್‌ಇ ಇಲ್ಲವೇ ಎನ್‌ಆರ್‌ಒ ಖಾತೆಯ (ಅನಿವಾಸಿ ಭಾರತೀಯರಿಗಿರುವ ಬ್ಯಾಂಕ್ ಖಾತೆಗಳು) ಯುಪಿಐಯನ್ನು ಅಲ್ಲಿನ ನಂಬರಿಗೇ ಜೋಡಿಸಿಕೊಳ್ಳಬಹುದು. ಇನ್ನು ಬೀರುವಿನಲ್ಲಿ ಜೋಪಾನವಾಗಿಟ್ಟ 2000ದ ನೋಟು ತಂದು ಚಹಾ ಅಂಗಡಿಯಲ್ಲಿ ಚಾಚಬೇಡಿ, 2023ರಲ್ಲೇ ಅದನ್ನು ಚಲಾವಣೆಯಿಂದ ವಾಪಸ್ ತೆಗೆದುಕೊಂಡಿದ್ದಾರೆ. ನಾನು ಚಾಚಿದ್ದೆ. ಅಂಗಡಿಯವರು ನಕ್ಕು ಚಹಾ ಸುಮ್ನೆ ಕೊಟ್ಟರು. ನಿಮ್ಮ ನೆಟ್‌ವರ್ಕ್ ಇಲ್ಲದ ಜಾಗದಲ್ಲೂ ಬೇರೆ ಕಂಪನಿಯ ಸಿಗ್ನಲ್ ಇದ್ದರೆ ತುರ್ತು ಸಹಾಯದ 112ಕ್ಕೆ ಕರೆ ಹೋಗುತ್ತದೆ.

ಉಂಬಳದ, ಅಂದರೆ ಜಿಗಣೆಯ ಮಾತಿಗೆ ಬರೋಣ. ತೋಟಕ್ಕೆ ಇಳಿದ ಮಗಳ ಕಾಲ್ಬೆರಳ ಸಂದಿಯಲ್ಲಿ ಒಂದು ಕಚ್ಚಿಕೊಂಡು ದ್ರಾಕ್ಷಿಯಷ್ಟು ಊದಿತ್ತು. ಅವಳು ಕಿರುಚಿದಳು, ನಾನು ಎಳೆಯಲು ಹೋದೆ. ಚಿಕ್ಕಮ್ಮ ಕೈಗೆ ಹೊಡೆದರು. "ಎಂತ ಮಾರಾಯ, ಎಳೀಬೇಡ. ಉಗುರಲ್ಲಿ ಹೆರೆ." ಸಪೂರ ಇರುವ ಕಡೆ ಬಾಯಿ, ಚರ್ಮಕ್ಕೆ ತಾಗಿಸಿ ಉಗುರಿನಿಂದ ಮೊದಲು ಅದನ್ನು ಬಿಡಿಸಬೇಕು, ಆಮೇಲೆ ದಪ್ಪ ಇರುವ ಹಿಂಬದಿ. ಬಿಡಿಸಿದ ಮೇಲೂ ರಕ್ತ ಬೇಗ ನಿಲ್ಲುವುದಿಲ್ಲ, ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇದೆ. ಗಾಬರಿ ಬೇಡ. ಸೋಪು ಹಾಕಿ ತೊಳೆದು, ಬಟ್ಟೆ ಒತ್ತಿ ಹಿಡಿಯಿರಿ. ನಾಲ್ಕು ದಿನ ತುರಿಕೆ ಇರುತ್ತದೆ, ಕೆರೆಯಬೇಡಿ. ಸಾಕ್ಸಿಗೆ ಹೊಗೆಸೊಪ್ಪಿನ ಪುಡಿ ಉಜ್ಜಿಕೊಂಡು ಹೋಗುವುದು ನಮ್ಮ ಕಡೆಯ ಹಳೇ ಉಪಾಯ.

ಉಂಬಳಕ್ಕಿಂತ ಭಯಪಡಬೇಕಾದ್ದು ಉಣುಗಿಗೆ, ಅಂದರೆ ಉಣ್ಣೆ ಹುಳಕ್ಕೆ. ಅದರ ಕಾಟ ಮಳೆಗಾಲದಲ್ಲಲ್ಲ, ಡಿಸೆಂಬರ್‌ನಿಂದ ಮೇ ತನಕ, ಅಂದರೆ ಕ್ರಿಸ್ಮಸ್ ರಜೆಗೆ ಬರುವವರಿಗೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆ ಹರಡುವುದು ಇದರಿಂದಲೇ. ಕಚ್ಚಿ ಸಾಮಾನ್ಯವಾಗಿ ಮೂರರಿಂದ ಎಂಟು ದಿನಕ್ಕೆ ಜ್ವರ ಬರುತ್ತದೆ, ಅಷ್ಟರಲ್ಲಿ ನೀವು ವಿಮಾನ ಹತ್ತಿ ಹೋಗಿರುತ್ತೀರಿ. ಅಲ್ಲಿನ ಡಾಕ್ಟರಿಗೆ ತಾನಾಗಿ ಹೊಳೆಯುವ ಕಾಯಿಲೆ ಅಲ್ಲ ಇದು. ಯಾವ ಕಾಡಿಗೆ ಹೋಗಿದ್ದಿರಿ ಅಂತ ನೀವೇ ಬಾಯಿಬಿಟ್ಟು ಹೇಳಬೇಕು, ಕಾಯಿಲೆಯ ಹೆಸರನ್ನೂ ಬರೆದು ಕೊಡಿ.

ಒದ್ದೆಯಾದ ಮೊಬೈಲನ್ನು ಅಕ್ಕಿ ಡಬ್ಬಿಯಲ್ಲಿ ಹುಗಿಯಬೇಡಿ, ಆಫ್ ಮಾಡಿ ಒರೆಸಿಡಿ. ಮಳೆಗಾಲದಲ್ಲಿ ನಮ್ಮಲ್ಲಿ ಅಕ್ಕಿಯೂ ತಂಡಿ ಹಿಡಿದಿರುತ್ತದೆ. ಜೀನ್ಸ್ ಎರಡು ದಿನದಲ್ಲಿ ಒಣಗಲ್ಲ. ಬಚ್ಚಲ ಒಲೆ ಹತ್ತಿರ ಹರವಿದರೆ ಒಣಗುತ್ತದೆ, ಹೊಗೆ ವಾಸನೆ ಮಾತ್ರ ಎರಡು ಸಲ ಒಗೆದರೂ ಬಿಡುವುದಿಲ್ಲ. ಅಮೆರಿಕದ 120 ವೋಲ್ಟ್ ಹೇರ್ ಡ್ರೈಯರನ್ನು ಇಲ್ಲಿನ 230ಕ್ಕೆ ಸಿಕ್ಕಿಸಿದರೆ ಅದರ ಕಥೆ ಅಲ್ಲಿಗೇ ಮುಗಿಯಿತು.

ಕೊನೆಗೆ ಸಿಗಂದೂರು. ಕಳೆದ ಸಲ ಸಾಗರದಲ್ಲಿ ಉಳಿದಿದ್ದೆವು. ಭಾನುವಾರ ಶರಾವತಿ ಹಿನ್ನೀರು ದಾಟಿಸುವ ಲಾಂಚಿಗೆ ಗಾಡಿಗಳ ಸಾಲು ಹನುಮಂತನ ಬಾಲ ಅಂತ ಹೇಳಿ, ಬೆಳಿಗ್ಗೆ ಐದಕ್ಕೇ ಎಲ್ಲರನ್ನೂ ಎಬ್ಬಿಸಿ, ತಿಂಡಿಯೂ ಇಲ್ಲದೆ ಹೊರಡಿಸಿದೆ. ಲಾಂಚ್ ಹತ್ತುವ ಹೊಳೆಬಾಗಿಲಿಗೆ ಹೋಗಿ ನೋಡಿದರೆ ಹಿನ್ನೀರಿನ ಮೇಲೆ ಉದ್ದಕ್ಕೆ ಸೇತುವೆ. 2025ರ ಜುಲೈನಲ್ಲೇ ಉದ್ಘಾಟನೆ ಆಗಿದೆ. ಐದು ನಿಮಿಷದಲ್ಲಿ ದಾಟಿದೆವು. ಹೆಂಡತಿ ಮಧ್ಯಾಹ್ನದ ಊಟದವರೆಗೂ ನನ್ನ ಹತ್ತಿರ ಮಾತಾಡಲಿಲ್ಲ.