ಶಾಲೆ ಶುರುವಾಗೋ ಮುಂಚೆ ತಾಯಿ ಕಾರ್ಡ್ ತೆಗೆದು ನೋಡಿ

ಜೂನ್ ಹತ್ತಿರ ಬಂತು. ಬ್ಯಾಗು, ಯೂನಿಫಾರಂ, ಶೂ ಎಲ್ಲ ನಮಗೆ ನೆನಪಿರುತ್ತದೆ. ಲಸಿಕೆ ಮಾತ್ರ ಮರೆತುಹೋಗುತ್ತದೆ, ಅಲ್ವಾ? ಒಂದೂವರೆ ವರ್ಷದ ಇಂಜೆಕ್ಷನ್ ಆದಮೇಲೆ ಎಲ್ಲ ಮುಗೀತು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಮುಗಿದಿರುವುದಿಲ್ಲ. 5-6 ವರ್ಷಕ್ಕೆ ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಲಸಿಕೆ) ಎರಡನೇ ಬೂಸ್ಟರ್ ಇದೆ. 10 ಮತ್ತು 16 ವರ್ಷಕ್ಕೆ ಟಿಡಿ (ಧನುರ್ವಾಯು, ಗಂಟಲುಮಾರಿ ಲಸಿಕೆ) ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇವೆಲ್ಲ ಉಚಿತ. ಯಾವ ದಿನ ಹಾಕುತ್ತಾರೆ ಅಂತ ನಿಮ್ಮ ಏರಿಯಾದ ಆಶಾ ಕಾರ್ಯಕರ್ತೆಯನ್ನು ಕೇಳಿ. ಲಸಿಕೆ ಬರೆದಿರುವ ತಾಯಿ ಕಾರ್ಡ್ ಕಳೆದುಹೋಗಿದ್ದರೂ ಹೋಗಿ ಕೇಳಿ, ಸುಮ್ನೆ ಕೂರಬೇಡಿ. ಹಾಕಿಸಿದ ಮೇಲೆ ಮೊಬೈಲಲ್ಲಿ ಕಾರ್ಡಿನ ಒಂದು ಫೋಟೋ ಇಟ್ಟುಕೊಳ್ಳಿ.

ಇನ್ನೊಂದು, ಕಣ್ಣು. ಬೋರ್ಡ್ ಮಸುಕಾಗಿ ಕಂಡರೂ ಮಕ್ಕಳು ಹೇಳುವುದಿಲ್ಲ. ಎಲ್ಲರಿಗೂ ಹಾಗೇ ಕಾಣುತ್ತದೆ ಅಂದುಕೊಂಡಿರುತ್ತಾರೆ. ಗೋಡೆಯ ಕ್ಯಾಲೆಂಡರನ್ನು ದೂರದಿಂದ ಓದಿಸಿ. ಒಂದು ಕಣ್ಣು ಮುಚ್ಚಿ ಒಮ್ಮೆ, ಇನ್ನೊಂದು ಮುಚ್ಚಿ ಒಮ್ಮೆ. ವ್ಯತ್ಯಾಸ ಕಂಡರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಸರಿಯಾಗಿ ಓದಿದರೂ ಕಣ್ಣು ಕಿರಿದು ಮಾಡಿ ನೋಡುವುದು, ಪದೇ ಪದೇ ತಲೆನೋವು ಅನ್ನುವುದು ಇದ್ದರೆ ತೋರಿಸಿಬಿಡಿ. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಕನ್ನಡಕ ಮಾತ್ರ ಬೇಡವೇ ಬೇಡ.

ರಜೆಯಲ್ಲಿ ಅಜ್ಜಿ ಮನೆಯಲ್ಲಿ ರಾತ್ರಿ ಹನ್ನೊಂದರವರೆಗೆ ಎದ್ದಿದ್ದ ಮಕ್ಕಳನ್ನು ಜೂನ್ ಒಂದಕ್ಕೇ ಒಂಬತ್ತಕ್ಕೆ ಮಲಗಿಸಲು ಆಗಲ್ಲ. ಈಗಿನಿಂದಲೇ ದಿನಾ ಹತ್ತು-ಹದಿನೈದು ನಿಮಿಷ ಬೇಗ ಮಲಗಿಸುತ್ತಾ ಬನ್ನಿ.

ಮಳೆ ಶುರುವಾದರೆ ಡೆಂಗಿ ಕಾಟ. ಅದನ್ನು ಹರಡುವ ಸೊಳ್ಳೆ ಹೆಚ್ಚಾಗಿ ಹಗಲಲ್ಲೇ ಕಚ್ಚುವುದು, ಅಂದರೆ ಶಾಲೆ ಹೊತ್ತಲ್ಲೂ. ಸಾಧ್ಯವಿದ್ದರೆ ತುಂಬುತೋಳಿನ ಶರ್ಟ್ ಹೊಲಿಸಿ. ಹೇನು ಇದ್ದರೆ ಈಗಲೇ ಬಾಚಿ ತೆಗೆಯಿರಿ, ಮನೆಯವರೆಲ್ಲರ ತಲೆಯನ್ನೂ ನೋಡಿಬಿಡಿ.